ನುಚ್ಚಕ್ಕಿ ಒಂದನ್ನೇ ಹಾಕಿದರೆ ಕೋಳಿ ತೂಕ ಬರಲ್ಲ

ಯುಗಾದಿ ಮರುದಿನದ ಹೊಸತೊಡಕಿಗೆ ನಮ್ಮ ಹಳೇ ಮೈಸೂರು ಕಡೆ ಕೋಳಿಗೆ ಎಷ್ಟು ಬೇಡಿಕೆ ಅಂತ ನಿಮಗೆ ಗೊತ್ತೇ ಇದೆ. ಅದನ್ನೇ ನೆಚ್ಚಿಕೊಂಡು ಹೆಬ್ಬಾಳದ ಗಿರಿರಾಜ ಮರಿ ತಂದು ಸಾಕುವವರು ನಮ್ಮೂರಲ್ಲೂ ಇದ್ದಾರೆ. ಮೂರು ತಿಂಗಳಾದರೂ ಕೋಳಿ ಒಂದು ಕೆಜಿ ದಾಟಿಲ್ಲ ಅಂತ ನಮ್ಮ ಬೀದಿಯ ಅಕ್ಕ ಒಬ್ಬರು ಬೇಜಾರು ಮಾಡಿಕೊಂಡಿದ್ದರು. "ಎರಡು ಹೊತ್ತೂ ನುಚ್ಚಕ್ಕಿ ಹಾಕ್ತೀನಿ ಕಣಣ್ಣ, ಹೊಟ್ಟೆ ತುಂಬಾ ತಿಂತಾವೆ" ಅಂದರು.

ಹೊಟ್ಟೆ ತುಂಬುತ್ತೆ, ಆದರೆ ಮಾಂಸ ಕಟ್ಟಲ್ಲ. ಅಕ್ಕಿ, ರಾಗಿಯಲ್ಲಿ ಪ್ರೋಟೀನ್ ಇರೋದು ಶೇ. 7ರ ಆಸುಪಾಸು, ಮರಿಗೆ ಬೇಕಾಗಿರೋದು ಶೇ. 20. ಹಾಗಾಗಿ ಮೊದಲ ಆರು ವಾರ ಮಾತ್ರ ಜಿಪುಣತನ ಮಾಡಬೇಡಿ, ಅಂಗಡಿಯ ಸ್ಟಾರ್ಟರ್ ಫೀಡನ್ನೇ ಹಾಕಿ. ಆಗ ಕುಂಠಿತವಾದ ಮರಿ ಆಮೇಲೆ ಎಷ್ಟು ತಿಂದರೂ ಹೊಸತೊಡಕಿನ ಹೊತ್ತಿಗೆ ತೂಕಕ್ಕೆ ಬರೋದು ಕಷ್ಟ.

ಆರು ವಾರ ಕಳೆದ ಮೇಲೆ ಖರ್ಚು ಇಳಿಸಬಹುದು. ನಾನು ಹತ್ತು ಕೆಜಿಗೆ ಹೀಗೆ ಬೆರೆಸುತ್ತೇನೆ: ಮುಕ್ಕಾದ ಜೋಳ ಐದೂವರೆ ಕೆಜಿ (ಮುಸುಕಿನ ಜೋಳ, ಗಿರಣಿಯಲ್ಲಿ ತರಿ ಮಾಡಿಸಿದ್ದು), ಕಡಲೆಕಾಯಿ ಹಿಂಡಿ ಎರಡೂವರೆ ಕೆಜಿ, ಅಕ್ಕಿ ತೌಡು ಒಂದೂಮುಕ್ಕಾಲು ಕೆಜಿ, ಕೋಳಿಗೆ ಅಂತಲೇ ಸಿಗುವ ಖನಿಜ ಮಿಶ್ರಣ 200 ಗ್ರಾಂ, ಉಪ್ಪು 50 ಗ್ರಾಂ. ಲೆಕ್ಕ ಹಾಕಿದರೆ ಪ್ರೋಟೀನ್ ಶೇ. 17ರ ಹತ್ತಿರ ಬರುತ್ತೆ. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಬೇಡಿ, ತೂಗಿಯೇ ಹಾಕಿ. ಬೆಳಗ್ಗೆ ಸ್ವಲ್ಪ ಕೊಟ್ಟು ಹೊರಗೆ ಬಿಟ್ಟರೆ ತಿಪ್ಪೆ ಕೆದಕಿ ಹುಳ, ಗೆದ್ದಲು ತಿಂತಾವೆ. ಸಂಜೆ ಗೂಡಿಗೆ ಬಂದಾಗ ಹೊಟ್ಟೆ ತುಂಬಾ ಹಾಕಿ. ತೊಟ್ಟಿಯಲ್ಲಿ ಅಜೋಲಾ ಇದ್ದರೆ ಚೆನ್ನಾಗಿ ತೊಳೆದು ಕೊಡಿ, ಆದರೆ ಹಿಂಡಿ ಬದಲಿಗೆ ಅದನ್ನೇ ನಂಬಬೇಡಿ. ಹಸಿ ಅಜೋಲಾದಲ್ಲಿ ಬಹುಪಾಲು ನೀರೇ.

ನನಗೆ ಹೆಚ್ಚು ಭಯ ಇರೋದು ಹಿಂಡಿ ಬಗ್ಗೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಕೋಳಿಯ ಪಿತ್ತಜನಕಾಂಗ ಹಾಳು ಮಾಡುತ್ತೆ. ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಪೂರ್ತಿ ಹೋಗಲ್ಲ. "ಅಷ್ಟು ದುಡ್ಡು ಕೊಟ್ಟಿದ್ದೀನಲ್ಲ" ಅಂತ ಕೋಳಿಗೆ ಹಾಕಲೂಬೇಡಿ, ಹಸುವಿನ ಬಾನಿಗೂ ಸುರಿಯಬೇಡಿ, ಹಾಲಿಗೂ ಇಳಿಯುತ್ತೆ. ಮುಗ್ಗಲು ವಾಸನೆ ಬಂದರೆ ಗುಂಡಿ ತೋಡಿ ಮುಚ್ಚಿ. ಹದಿನೈದು ದಿನಕ್ಕೆ ಆಗುವಷ್ಟೇ ತಂದು, ಚೀಲವನ್ನು ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ.

ಕೊಯ್ಯುವ ಹಿಂದಿನ ರಾತ್ರಿ ಮೇವು ನಿಲ್ಲಿಸಿ, ನೀರು ಮಾತ್ರ ಇರಲಿ. ಕರುಳು ಖಾಲಿಯಾಗಿದ್ದರೆ ಶುಚಿ ಮಾಡೋದು ಸುಲಭ.