ಕಂಡೊಡನೆ ಕೈಕಾಲು ಚುರುಕಾಗಲು

ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಸಂಜೆ ಬೈಕಿನಲ್ಲಿ ಹೋಗುತ್ತಿದ್ದೀರಿ. ಮುಂದೆ ದೀಪವಿಲ್ಲದ ಕಬ್ಬಿನ ಗಾಡಿ. ಕಣ್ಣು ಕಂಡು, ಮಿದುಳು ಗುರುತಿಸಿ, ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡಿಗೂ ಹೆಚ್ಚು ಬೇಕಾಗಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಬೈಕು ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ.

ಈ ಚುರುಕನ್ನು ಮನೆಯಲ್ಲೇ ಅಳೆಯಬಹುದು. ಒಬ್ಬರು 30 ಸೆಂ.ಮೀ. ಸ್ಕೇಲನ್ನು ಮೇಲ್ತುದಿಯಲ್ಲಿ ಹಿಡಿದು, ಹೇಳದೆ ಬಿಡಲಿ. ಕೆಳಗೆ ಸೊನ್ನೆಯ ಬಳಿ ಬೆರಳು ತೆರೆದಿಟ್ಟುಕೊಂಡು ನೀವು ಹಿಡಿಯಿರಿ. 20 ಸೆಂ.ಮೀ. ಗುರುತಿನಲ್ಲಿ ಸಿಕ್ಕರೆ 0.2 ಸೆಕೆಂಡು ಹಿಡಿಯಿತೆಂದು ಅರ್ಥ.

ಚುರುಕನ್ನು ಹೆಚ್ಚಾಗಿ ಕುಂದಿಸುವುದು ನಿದ್ದೆಗೇಡು. 17 ಗಂಟೆ ಎಚ್ಚರವಿದ್ದವರ ಚುರುಕು ಮದ್ಯ ಕುಡಿದವರಂತೆ ಕುಗ್ಗುತ್ತದೆಂದು 1997ರ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ವಾರ್ಡಿನಲ್ಲಿ ರಾತ್ರಿಯೆಲ್ಲ ರೋಗಿಯನ್ನು ನೋಡಿಕೊಂಡು ಬೆಳಿಗ್ಗೆ ಬೈಕ್ ಹತ್ತುವ ಬಂಧುಗಳು ಇದನ್ನು ಗಮನಿಸಬೇಕು. ಬಸ್ಸಿನಲ್ಲಿ ಹೋಗಿ, ಇಲ್ಲವೇ ಮಲಗಿ ಎದ್ದು ಹೊರಡಿ. ಚಹಾ ಕುಡಿದರೆ ಸಾಕೆಂಬುದು ತಪ್ಪು ತಿಳಿವಳಿಕೆ.

ಮಕ್ಕಳ ವಿಡಿಯೋ ಗೇಮ್ ಬಗ್ಗೆ ಹಲವರು ಕೇಳುತ್ತಾರೆ. ವೇಗದ ಆಟಗಳ ಅಭ್ಯಾಸದಿಂದ ಕಣ್ಣಿನ ಗಮನಶಕ್ತಿ ಹೆಚ್ಚುತ್ತದೆಂದು 2003ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಆದರೆ ಆಟದಲ್ಲಿ ಅಂಕ ಹೆಚ್ಚಿದ ಮಾತ್ರಕ್ಕೆ ರಸ್ತೆಯಲ್ಲೂ ಚುರುಕಾಗುತ್ತಾರೆಂದು ಹೇಳಲಾಗದು. ನಡುರಾತ್ರಿಯವರೆಗೆ ಆಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಸಂಜೆ ಗೋಡೆಗೆ ಚೆಂಡೆಸೆದು ಹಿಡಿಯುವುದೂ ಒಳ್ಳೆಯ ಅಭ್ಯಾಸವೇ.

ನೆಗಡಿ, ತುರಿಕೆಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಔಷಧಿ ಪಡೆಯುವಾಗ, ಇದನ್ನು ನುಂಗಿ ಗಾಡಿ ಓಡಿಸಬಹುದೇ ಎಂದು ವೈದ್ಯರನ್ನು ಕೇಳಿ.