ದಿಸ್, ದೀಸ್, ದಟ್, ದೋಸ್: ಕಲ್ಪನೆಯೂ ಸತ್ಯವೂ

ಸಮೀಪದ ವಸ್ತುವಿಗೆ ‘ದಿಸ್’, ದೂರದ ವಸ್ತುವಿಗೆ ‘ದಟ್’, ಅವು ಒಂದಕ್ಕಿಂತ ಹೆಚ್ಚಾದರೆ ಕ್ರಮವಾಗಿ ‘ದೀಸ್’ ಮತ್ತು ‘ದೋಸ್’ ಎಂದು ಬೆರಳು ತೋರಿಸಿ ಕಲಿಸುವ ಪಾಠವು ಇಂಗ್ಲಿಷ್ ಕಲಿಯಹೊರಟ ಮಗುವಿಗೆ ಬಾಗಿಲಲ್ಲೇ ಎದುರಾಗುತ್ತದೆ; ಅದು ಅತ್ಯಂತ ಸುಲಭವಾಗಿ ತೋರುವುದರಿಂದ ಅಲ್ಲಿಗೆ ವಿಷಯ ಮುಗಿಯಿತೆಂದು ಗುರುಗಳೂ ಶಿಷ್ಯರೂ ಸಮಾಧಾನಪಡುತ್ತಾರೆ. ಆದರೆ ಪದವಿ ಪಡೆದು ಕಚೇರಿಗಳಲ್ಲಿ ಪತ್ರವ್ಯವಹಾರ ನಡೆಸತಕ್ಕವರ ಬರವಣಿಗೆಯಲ್ಲಿಯೂ ‘ದಿಸ್ ಬುಕ್ಸ್’, ‘ದೋಸ್ ಫರ್ನಿಚರ್ಸ್’ ಮುಂತಾದ ಪ್ರಯೋಗಗಳು ಕಾಣಿಸಿಕೊಳ್ಳುವುದನ್ನು ನೋಡಿದರೆ, ಆ ಪಾಠವು ಸತ್ಯದ ಅರ್ಧಭಾಗವನ್ನು ಮಾತ್ರ ಹೇಳಿ ನಿಂತುಹೋಯಿತೆಂದು ಒಪ್ಪಲೇಬೇಕಾಗುತ್ತದೆ.

ಇಂಥ ತಪ್ಪುಗಳು ಅಜಾಗರೂಕತೆಯ ಫಲವೆಂಬುದು ಮೊದಲನೆಯ ತಪ್ಪು ಕಲ್ಪನೆ. ವಾಸ್ತವವಾಗಿ ಅವು ನಮ್ಮ ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. ಕನ್ನಡದಲ್ಲಿ ನಾಮಪದದ ಹಿಂದೆ ಬರುವ ‘ಈ’, ‘ಆ’ಗಳಿಗೆ ವಚನಭೇದವಿಲ್ಲ, ಈ ಮರವೆಂದಂತೆಯೇ ಈ ಮರಗಳೆಂದೂ, ಆ ಹುಡುಗನೆಂದಂತೆಯೇ ಆ ಹುಡುಗರೆಂದೂ ಹೇಳುತ್ತೇವೆ. ‘ಇದು’, ‘ಇವು’ ಎಂದು ಅವು ಸರ್ವನಾಮಗಳಾಗಿ ಸ್ವತಂತ್ರವಾಗಿ ನಿಂತಾಗ ಮಾತ್ರ ವಚನವು ತಲೆದೋರುತ್ತದೆ. ಅದರ ಮೇಲೆ, ಸಂಖ್ಯೆಯನ್ನು ಹೇಳಿದ ಮೇಲೆ ಬಹುವಚನ ಪ್ರತ್ಯಯವನ್ನು ಬಿಟ್ಟುಬಿಡುವುದೂ ನಮ್ಮಲ್ಲಿ ಸಹಜ. ಸಂತೆಯಿಂದ ಹತ್ತು ತೆಂಗಿನಕಾಯಿ ತಂದೆನೆಂದರೆ ಯಾರೂ ಆಕ್ಷೇಪಿಸರು. ಇಂಗ್ಲಿಷಿನಲ್ಲಿಯೂ ಗುಣವಾಚಕಗಳಿಗೆ ಈಗ ವಚನವಿಲ್ಲ. ‘ಗುಡ್’ ಎಂಬುದು ಒಂದು ಪುಸ್ತಕಕ್ಕೂ ನೂರು ಪುಸ್ತಕಗಳಿಗೂ ಒಂದೇ ರೂಪದಲ್ಲಿ ನಿಲ್ಲುತ್ತದೆ. ಒಂದಾನೊಂದು ಕಾಲದಲ್ಲಿ ಅವೂ ನಾಮಪದವನ್ನು ಅನುಸರಿಸಿ ರೂಪ ಬದಲಿಸುತ್ತಿದ್ದವು. ಆ ಪದ್ಧತಿ ಅಳಿದುಹೋದಾಗ ಅದರ ಅವಶೇಷವಾಗಿ ಉಳಿದುಬಂದವು ನಿರ್ದೇಶಕಗಳೆಂಬ ಈ ನಾಲ್ಕು ಪದಗಳು. ಹೀಗಿರುವಾಗ ಕನ್ನಡದ ಬಾಲಕನು ಇಲ್ಲಿ ಎಡವಿದರೆ ಅವನನ್ನು ದಡ್ಡನೆಂದು ಜರೆಯುವುದು ಅನ್ಯಾಯ. ಎರಡು ಭಾಷೆಗಳ ಈ ವ್ಯತ್ಯಾಸವನ್ನು ಅವನಿಗೆ ತಿಳಿಸಿ ಹೇಳುವುದೇ ಗುರುವಿನ ಕರ್ತವ್ಯ.

ಎರಡನೆಯ ಕಲ್ಪನೆ ಇನ್ನೂ ಆಳವಾಗಿ ಬೇರೂರಿದೆ: ಕಣ್ಣಿಗೆ ಒಂದು ಕಂಡರೆ ‘ದಿಸ್’, ಹಲವು ಕಂಡರೆ ‘ದೀಸ್’ ಎಂಬುದು. ಎಣಿಸತಕ್ಕದ್ದು ವಸ್ತುವನ್ನಲ್ಲ, ಶಬ್ದವನ್ನು. ದರ್ಜಿಯ ಮೇಜಿನ ಮೇಲೆ ಒಂದೇ ಒಂದು ಕತ್ತರಿ ಬಿದ್ದಿರಲಿ; ಎರಡು ಅಲಗುಗಳನ್ನು ಒಂದು ಮೊಳೆಯಲ್ಲಿ ಬಂಧಿಸಿದ ಆ ಉಪಕರಣವು ಇಂಗ್ಲಿಷರಿಗೆ ಎಂದಿಗೂ ಬಹುವಚನವೇ ಆದುದರಿಂದ ‘ದೀಸ್ ಸಿಸರ್ಸ್’ ಎಂದೇ ಹೇಳಬೇಕು. ಎರಡು ಗಾಜುಗಳ ಕನ್ನಡಕವೂ ಎರಡು ಕಾಲುಗಳ ಷರಾಯಿಯೂ ಇದೇ ಪಂಕ್ತಿಗೆ ಸೇರಿದವು. ಆದರೆ ಅದೇ ಕತ್ತರಿಯನ್ನು ‘ಪೇರ್’ ಎಂಬ ಪದದ ಮೂಲಕ ಕರೆದ ಕ್ಷಣವೇ ‘ದಿಸ್ ಪೇರ್ ಆಫ್ ಸಿಸರ್ಸ್’ ಎಂದು ಏಕವಚನಕ್ಕೆ ಹಿಂದಿರುಗಬೇಕಾಗುತ್ತದೆ. ವಸ್ತು ಬದಲಾಗಲಿಲ್ಲ, ನಿರ್ದೇಶಕವು ಅಂಟಿಕೊಂಡ ಶಬ್ದ ಮಾತ್ರ ಬದಲಾಯಿತು. ಇದಕ್ಕೆ ವಿಪರೀತವಾಗಿ, ಕೋಣೆಯ ತುಂಬ ಕುರ್ಚಿ, ಮೇಜು, ಬೀರುಗಳು ಕಿಕ್ಕಿರಿದಿದ್ದರೂ ಅದು ‘ದಿಸ್ ಫರ್ನಿಚರ್’ ಮಾತ್ರವೇ. ‘ಲಗೇಜ್’, ‘ಇನ್ಫರ್ಮೇಶನ್’ ಎಂಬವೂ ಹಾಗೆಯೇ. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಎಂಬವು ಸಕಾರದಲ್ಲಿ ಮುಗಿದು ಬಹುವಚನದ ವೇಷ ಧರಿಸಿದ್ದರೂ ಏಕವಚನಗಳು. ‘ಕ್ಯಾಟಲ್’, ‘ಪೊಲೀಸ್’ ಎಂಬವು ಯಾವ ಪ್ರತ್ಯಯವೂ ಇಲ್ಲದೆಯೇ ಬಹುವಚನಗಳು. ಹಣದ ಮೊತ್ತ ಒಂದೇ ರಾಶಿಯಾಗಿ ಭಾವಿಸಲ್ಪಟ್ಟಾಗ ‘ದಿಸ್ ಥೌಸಂಡ್ ರುಪೀಸ್’ ಎಂಬುದೂ ಶುದ್ಧ ಪ್ರಯೋಗವೇ.

ಶಬ್ದದ ಈ ಪ್ರಭುತ್ವಕ್ಕೆ ನಮ್ಮವರ ಕೈಗೆ ನಿತ್ಯವೂ ಸಿಗುವ ಒಂದು ನಿದರ್ಶನವಿದೆ. ಜಮೀನಿನ ಮೇಲಣ ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಪವರ್ ಆಫ್ ಅಟಾರ್ನಿಯನ್ನು ಪತ್ರಬರಹಗಾರರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದಾಗ ಅದು ಬಹುತೇಕ ‘ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್’ ಎಂಬ ವಾಕ್ಯದಿಂದ ಆರಂಭವಾಗುತ್ತದೆ. ಓದಿದವರು ಉಡುಗೊರೆಗಳ ಪ್ರಸ್ತಾಪ ಇಲ್ಲೇಕೆ ಬಂತೆಂದು ಚಕಿತರಾಗುತ್ತಾರೆ. ಒಂದೇ ಪತ್ರಕ್ಕೆ ‘ದೀಸ್’ ಏಕೆಂದು ವ್ಯಾಕರಣ ಬಲ್ಲವರು ಶಂಕಿಸುತ್ತಾರೆ. ‘ಪ್ರೆಸೆಂಟ್ಸ್’ ಎಂದರೆ ಇಲ್ಲಿ ಪ್ರಸ್ತುತ ಪತ್ರವೆಂದೇ ಅರ್ಥ. ಲ್ಯಾಟಿನಿನಲ್ಲಿ ‘ಲಿಟೆರಾ’ ಎಂದರೆ ಒಂದು ಅಕ್ಷರ, ಅದರ ಬಹುವಚನವಾದ ‘ಲಿಟೆರೇ’ ಎಂದರೆ ಅಕ್ಷರಗಳ ಸಮೂಹವಾದ ಒಂದು ಪತ್ರ. ಆ ಬಹುವಚನವು ಫ್ರೆಂಚಿನ ಮೂಲಕ ಇಂಗ್ಲಿಷ್ ನ್ಯಾಯಶಾಸ್ತ್ರದ ಭಾಷೆಗೆ ಇಳಿದುಬಂದು, ಇಂದಿಗೂ ನಮ್ಮ ಛಾಪಾಕಾಗದಗಳ ಮೇಲೆ ಅಚ್ಚಳಿಯದೆ ಕುಳಿತಿದೆ.

ಮನುಷ್ಯರನ್ನು ‘ದಿಸ್’ ಎನ್ನುವುದು ಅವಮರ್ಯಾದೆಯೆಂಬ ಸಂಕೋಚವೂ ನಮ್ಮಲ್ಲಿ ಹಲವರಿಗುಂಟು. ತಂದೆಯನ್ನು ತೋರಿಸಿ ‘ಇದು’ ಎಂದರೆ ಕನ್ನಡದಲ್ಲಿ ಅಪಚಾರವಾಗುವುದರಿಂದ ಈ ಸಂಕೋಚವು ಸ್ವಾಭಾವಿಕವಾದದ್ದೇ. ಆದರೆ ಪರಿಚಯ ಮಾಡಿಕೊಡುವಾಗ ‘ದಿಸ್ ಈಸ್ ಮೈ ಫಾದರ್’, ‘ದೀಸ್ ಆರ್ ಮೈ ಪೇರೆಂಟ್ಸ್’ ಎನ್ನುವುದೇ ಇಂಗ್ಲಿಷಿನ ಶಿಷ್ಟಾಚಾರ. ಪರಿಚಯದ ಮಾತು ಮುಗಿದೊಡನೆ ‘ಹಿ’, ‘ಶಿ’, ‘ದೇ’ಗಳಿಗೆ ಬದಲಾಯಿಸಿಕೊಳ್ಳಬೇಕು, ಅಲ್ಲಿಯೂ ‘ದಿಸ್’ ಎಂದೇ ಮುಂದುವರಿಸಿದರೆ ಅದು ಇಂಗ್ಲಿಷರಿಗೂ ಅನಾದರವಾಗಿ ಕೇಳಿಸುತ್ತದೆ. ಪ್ರಶ್ನೋತ್ತರಗಳಲ್ಲಿಯೂ ಹೀಗೆಯೇ: ‘ಆರ್ ದೀಸ್ ಯುವರ್ ಬುಕ್ಸ್’ ಎಂಬ ಪ್ರಶ್ನೆಗೆ ‘ಎಸ್, ದೇ ಆರ್’ ಎಂಬುದೇ ರೂಢಿಯ ಉತ್ತರ.

‘ದೋಸ್’ ಎಂಬುದು ‘ದಟ್’ನಿಂದಲೇ ಹುಟ್ಟಿದ ಬಹುವಚನವೆಂದು ನಂಬದವರು ವಿರಳ. ಚರಿತ್ರೆ ಬೇರೆಯೇ ಹೇಳುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ದಾಸ್’ ಎಂಬ ರೂಪವು ‘ದಿಸ್’ನ ಬಹುವಚನವಾಗಿದ್ದು, ಇಂದಿನ ‘ದೋಸ್’ ಅದರ ಸಂತತಿ. ‘ದಟ್’ನ ನಿಜವಾದ ಬಹುವಚನ ‘ದಾ’; ಅದು ‘ದೋ’ ಎಂದಾಗಿ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರನ ಕಾಲದವರೆಗೂ ಬಾಳಿ ಬಳಿಕ ಮರೆಯಾಯಿತು. ಆ ತೆರವಾದ ಸ್ಥಾನವನ್ನು ‘ದೋಸ್’ ಆಕ್ರಮಿಸಿತು. ‘ದಿಸ್’ಗೆ ‘ದೀಸ್’ ಎಂಬ ಹೊಸ ಬಹುವಚನವನ್ನು ಮಧ್ಯಯುಗದ ಇಂಗ್ಲಿಷರು ಕಟ್ಟಿಕೊಂಡರು. ಸಮೀಪ, ದೂರಗಳೆರಡೇ ಅಲ್ಲದೆ ‘ಯಾನ್’ ಎಂಬ ಮೂರನೆಯ ನಿರ್ದೇಶಕವೂ ಅವರಲ್ಲಿತ್ತು. ಹಳಗನ್ನಡದಲ್ಲಿಯೂ ಇವಂ, ಅವಂಗಳ ನಡುವೆ ಉವಂ ಎಂಬುದಿತ್ತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ.

ಕೊನೆಗೆ ‘ದೀಸ್ ಕೈಂಡ್ ಆಫ್ ಬುಕ್ಸ್’ ಎಂಬ ವಿವಾದಾಸ್ಪದ ಪ್ರಯೋಗ. ಇದು ಭಾರತೀಯರು ಕೆಡಿಸಿದ ಇಂಗ್ಲಿಷೆಂಬ ಮಾತು ಸುಳ್ಳು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಕಾರ್ನ್‌ವಾಲನೇ ‘ದೀಸ್ ಕೈಂಡ್’ ಎನ್ನುತ್ತಾನೆ. ‘ಕೈಂಡ್’ ಏಕವಚನವಾದರೂ ಮನಸ್ಸು ಮುಂದಿರುವ ‘ಬುಕ್ಸ್’ನತ್ತ ಮೊದಲೇ ಧಾವಿಸುವುದರಿಂದ ಇಂಗ್ಲಿಷರ ಆಡುಮಾತಿನಲ್ಲಿ ಅದು ಶತಮಾನಗಳಿಂದ ನಡೆದುಬಂದಿದೆ. ಆದರೂ ಪರೀಕ್ಷೆಯಲ್ಲಿಯೂ ಕಚೇರಿಯ ಪತ್ರದಲ್ಲಿಯೂ ಅದನ್ನು ದೋಷವೆಂದೇ ಗಣಿಸುವರಾದುದರಿಂದ, ಬರೆಯುವವರು ವಿಧವೊಂದೇ ಇದ್ದಾಗ ‘ದಿಸ್ ಕೈಂಡ್ ಆಫ್ ಬುಕ್’ ಎಂದೂ, ವಿಧಗಳು ಹಲವಿದ್ದಾಗ ‘ದೀಸ್ ಕೈಂಡ್ಸ್ ಆಫ್ ಬುಕ್ಸ್’ ಎಂದೂ ಬರೆಯುವುದು ಲೇಸು.