ಪೊಲೀಸ್ ಬುಲೆಟ್ಟೇ? ಬಣ್ಣ ಬಿಡಿ, ನಂಬರ್ ನೋಡಿ!

"ಪೊಲೀಸ್ ಗಾಡಿ ಸಾರ್, ಹರಾಜಲ್ಲಿ ತಗೊಂಡಿದ್ದು!" ಹಳೇ ಬುಲೆಟ್ ಮಾರುವವರ ಬಾಯಲ್ಲಿ ಈ ಮಾತು ಬಂತೆಂದರೆ ಬೆಲೆ ಏರಿತೆಂದೇ ಲೆಕ್ಕ. ಆದರೆ ಅದು ನಿಜಕ್ಕೂ ಠಾಣೆ ಕಂಡ ಗಾಡಿಯೇ?

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಹುಟ್ಟಿತು. ಸೈನಿಕರು, ಪೊಲೀಸರು ಏರಿದ ಬುಲೆಟ್ಟನ್ನೇ ಊರ ಜನರೂ ಕೊಂಡರು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇದ್ದ ಮಾತ್ರಕ್ಕೆ ಪೊಲೀಸ್ ಗಾಡಿಯಾಗದು. ಆ ಕಾಲದ ಬುಲೆಟ್ಟೆಲ್ಲಾ ಹಾಗೇ. ಬಣ್ಣ, ಸೈರನ್ನು ಯಾವ ಗ್ಯಾರೇಜಿನಲ್ಲಾದರೂ ಹಾಕಿಸಬಹುದು.

ಸಾಕ್ಷಿ ಹೇಳುವುದು ಕಾಗದ. ಹರಾಜಿನ ಪತ್ರ, ಹಣ ಕಟ್ಟಿದ ರಸೀದಿ, ಆರ್.ಸಿ. ಪುಸ್ತಕ ಮೂರನ್ನೂ ಕೇಳಿ. ಎಂಜಿನ್, ಚಾಸಿ ನಂಬರುಗಳನ್ನು ತಾಳೆ ನೋಡಿ. ಉಜ್ಜಿ ಹೊಸದಾಗಿ ಕೊರೆದಂತೆ ಕಂಡರೆ ವ್ಯಾಪಾರವೇ ಬೇಡ. ಕಳವಿನ ಮಾಲಾದರೆ ದುಡ್ಡೂ ಹೋಯ್ತು, ಗಾಡೀನೂ ಹೋಯ್ತು, ಠಾಣೆ ಅಲೆದಾಟ ಬೇರೆ!

50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ 2021ರ ಕೇಂದ್ರ ನಿಯಮದಂತೆ 'ವಿಂಟೇಜ್' ನೋಂದಣಿಯುಂಟು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಅದನ್ನು ಹತ್ತಿ ದಿನಾ ಅಂಗಡಿಗೆ ಹೋಗಿಬರುವಂತಿಲ್ಲ. ಮಾರಾಟವಾದರೆ ಕೊಟ್ಟವರು, ಕೊಂಡವರು ಇಬ್ಬರೂ 90 ದಿನದೊಳಗೆ ರಾಜ್ಯ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ಮಾರುವವರಿಗೆ ಇನ್ನೊಂದು ಮಾತು. ಯಾವ ಗಾಡಿಯೇ ಆಗಲಿ, ದುಡ್ಡು ಎಣಿಸಿಕೊಂಡು ಬೀಗದಕೈ ಕೊಟ್ಟರೆ ಮುಗಿಯಲಿಲ್ಲ. ಹೆಸರು ಬದಲಾಗುವ ಮೊದಲೇ ಅಪಘಾತವಾದರೆ ಪರಿಹಾರದ ಹೊಣೆ ಪುಸ್ತಕದಲ್ಲಿರುವ ಹೆಸರಿನವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಬುಲೆಟ್ಟಿನ ಗುಡುಗುಡು ಸದ್ದಿಗೆ ಮರುಳಾಗುವ ಮುನ್ನ ಪುಸ್ತಕ ಬಿಚ್ಚಿ ನೋಡುವುದು ಲೇಸು.